ಮಗಳು ಪೆನ್ಸಿಲ್ ಕೂಡ ಕೇಳುತ್ತಿಲ್ಲ, ಏನು ಮಾಡಲಿ?

ನಮ್ಮದು ಕೋಲಾರದ ಹತ್ತಿರ ಒಂದು ಹಳ್ಳಿ. ಟೊಮೆಟೊ ರೇಟು ಬಿದ್ದು, 15 ಕೆಜಿ ಬಾಕ್ಸಿಗೆ ಬಂದ ದುಡ್ಡು ಕೀಳುವ ಕೂಲಿಗೂ ಸಾಲಲಿಲ್ಲ. ಹಸು ಮಾರಿದೆವು, ಯಜಮಾನರು ಬೆಂಗಳೂರಿಗೆ ಕೆಲಸಕ್ಕೆ ಹೋದರು, ಕಾನ್ವೆಂಟ್ ಫೀಸೂ ಬಾಕಿ. 9 ವರ್ಷದ ಮಗಳು ಮೋಟು ಪೆನ್ಸಿಲ್‌ಗೆ ಹಳೇ ಪೆನ್ನಿನ ಕೊಳವೆ ಸಿಕ್ಕಿಸಿ ಬರೆಯುತ್ತಾಳೆ, ಹೊಸದು ಬೇಕಾ ಅಂದರೆ ಬೇಡ ಅನ್ನುತ್ತಾಳೆ. ರಾತ್ರಿ ಫೋನಲ್ಲಿ ಸಾಲದ ಮಾತು ಬಂದರೆ ಕಣ್ಣು ಮುಚ್ಚಿಕೊಂಡು ಎಲ್ಲಾ ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಹೇಳಬೇಕಾ, ಮುಚ್ಚಿಡಬೇಕಾ?

ಉತ್ತರ 1:
ಹೇಳಿಬಿಡಿ ಅಕ್ಕ. ಅವಳಿಗೆ ಅರ್ಧ ಗೊತ್ತಾಗಿದೆ, ಉಳಿದರ್ಧ ಸುಮ್ನೆ ಊಹೆ ಮಾಡಿಕೊಂಡು ಹೆದರುತ್ತಿದ್ದಾಳೆ ಅಲ್ವಾ. ಸಾಲ ಎಷ್ಟು ಅಂತ ಬೇಡ. ದುಡ್ಡು ಕಮ್ಮಿ ಇದೆ, ಇದು ನಿನ್ನಿಂದ ಆಗಿದ್ದಲ್ಲ, ಅಪ್ಪ ಇಂಥ ದಿನ ಬರುತ್ತಾರೆ, ಅಷ್ಟು ಸಾಕು. ನಮ್ಮಪ್ಪ ರೇಷ್ಮೆಯಲ್ಲಿ ಕೈಸುಟ್ಟುಕೊಂಡಾಗ ನನಗೆ ಯಾರೂ ಏನೂ ಹೇಳಲಿಲ್ಲ, ನನ್ನ ಸ್ಕೂಲ್ ಖರ್ಚಿಂದಲೇ ಹೀಗಾಯ್ತು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ.

ಉತ್ತರ 2:
ಫೀಸ್ ಕಷ್ಟವಾದರೆ ಸರ್ಕಾರಿ ಶಾಲೆಗೆ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯ್ತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಬಿಸಿಯೂಟವೂ ಸಿಗುತ್ತದೆ. ಮಗು ತುಂಬಾ ಮಂಕಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೇಳಿದವರು:
ಇವತ್ತು ಅವರೆಕಾಯಿ ಬಿಡಿಸುತ್ತಾ ಹೇಳಿದೆ. "ಹಸು ವಾಪಸ್ ಬರುತ್ತಾ?" ಅಂತ ಒಂದೇ ಮಾತು ಕೇಳಿದಳು. ಆಮೇಲೆ ತುಂಬಾ ಅತ್ತಳು.