ಓಡುವುದು ಇಷ್ಟ, ಆಟದ ಪೀರಿಯಡ್ ಬೇಡ: ಸಣ್ಣ ಮಕ್ಕಳ ಬಗ್ಗೆ ನಿಮ್ಮ ಅನುಭವ ತಿಳಿಸಿ

ಕಾರವಾರದಿಂದ ಒಬ್ಬ ತಾಯಿ:
ನನ್ನ ಮಗಳು ಎರಡನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸಂಜೆ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದರೆ ಕತ್ತಲಾಗುವವರೆಗೂ ಮರಳಿನ ಮೇಲೆ ಓಡುತ್ತಾಳೆ. ಆದರೆ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎಂದು ಮಲಗುತ್ತಾಳೆ. ಯಾಕೆ ಎಂದು ಕೇಳಿದರೆ ‘ನಂಗೆ ಬರೂದಿಲ್ಲ’ ಎಂಬ ಒಂದೇ ಉತ್ತರ. ಒತ್ತಾಯಿಸಿ ಕಳುಹಿಸಬೇಕೋ, ಬಿಟ್ಟುಬಿಡಬೇಕೋ ತಿಳಿಯುತ್ತಿಲ್ಲ. ಇಂಥ ಮಕ್ಕಳನ್ನು ಕಂಡವರು ದಯವಿಟ್ಟು ಹೇಳಿ.

ಶಿರಸಿಯಿಂದ ಒಬ್ಬ ತಾಯಿ:
ಯಾಕೆ ಎಂದು ಕೇಳಬೇಡಿ. ಪೀರಿಯಡ್ ಶುರುವಾದ ಕೂಡಲೇ ಏನು ಮಾಡುತ್ತೀರಿ, ಆಮೇಲೇನು, ಅದಾದ ಮೇಲೇನು ಎಂದು ಒಂದರ ಹಿಂದೊಂದು ಕೇಳಿ. ನನ್ನ ಮಗ ಹೀಗೆ ಹೇಳುತ್ತಾ ಹೋದಾಗಲೇ ಅವನ ತೊಡಕು ಆಟದಲ್ಲಿಲ್ಲ, ಬೂಟಿನಲ್ಲಿದೆ ಎಂದು ಗೊತ್ತಾಯಿತು. ಬಿಳಿ ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಲು ಅವನಿಗೆ ಬರುತ್ತಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಲೇಸಿನೊಂದಿಗೆ ಗುದ್ದಾಡುವಷ್ಟರಲ್ಲಿ ಉಳಿದವರು ಸಾಲಾಗಿ ನಿಂತಿರುತ್ತಿದ್ದರು, ಕೊನೆಗೆ ಬಂದವನೆಂದು ಎಲ್ಲರೆದುರು ಬೈಸಿಕೊಳ್ಳುತ್ತಿದ್ದ. ಅಂಟುಪಟ್ಟಿಯ ಬೂಟು ತಂದುಕೊಟ್ಟೆವು, ತಕರಾರು ನಿಂತಿತು. ಮಳೆಗಾಲದಲ್ಲಿ ಒದ್ದೆ ಕಾಲುಚೀಲವನ್ನು ಸಂಜೆಯವರೆಗೂ ತೊಟ್ಟಿರಬೇಕಾಗುವುದೂ ನಮ್ಮ ಕಡೆಯ ಮಕ್ಕಳಿಗೆ ಸಣ್ಣ ಕಾರಣವಲ್ಲ, ಚೀಲದಲ್ಲಿ ಇನ್ನೊಂದು ಜೊತೆ ಇಟ್ಟು ಕಳುಹಿಸಿ.

ಕುಮಟಾ ಕಡೆಯ ದೈಹಿಕ ಶಿಕ್ಷಣ ಶಿಕ್ಷಕ:
ಮೇಲಿನ ಅಕ್ಕ ಹೇಳಿದ್ದು ಸರಿ. ಅದರ ಜೊತೆಗೆ ನಿಮ್ಮ ಮಗಳ ‘ಬರೂದಿಲ್ಲ’ ಎಂಬ ಉತ್ತರವನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಐದಾರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ತಮಗಿಂತ ಜೋರಾಗಿ ಓಡುವವರು ಯಾರೂ ಇಲ್ಲವೆಂದೇ ನಂಬಿರುತ್ತಾರೆ, ಕೊನೆಯವರಾಗಿ ಬಂದರೂ ನಗುತ್ತಾರೆ. ಏಳೆಂಟು ವರ್ಷಕ್ಕೆ ಬರುವಾಗ ಪಕ್ಕದವರೊಂದಿಗೆ ತಮ್ಮನ್ನು ಹೋಲಿಸಿಕೊಳ್ಳಲು ಕಲಿಯುತ್ತಾರೆ, ಒಂದನೇ ತರಗತಿಯಲ್ಲಿ ಕುಣಿದಾಡುತ್ತಿದ್ದ ಮಗು ಎರಡು ಮೂರನೇ ತರಗತಿಗೆ ಬಂದು ಹಿಂಜರಿಯುವುದು ಬಹುಮಟ್ಟಿಗೆ ಇದರಿಂದಲೇ. ಅದಕ್ಕೆ ಚಲನೆ ಬೇಡವಾಗಿಲ್ಲ, ನಾಲ್ಕು ಜನರೆದುರು ಸೋಲುವುದು ಬೇಡವಾಗಿದೆ. ಕಡಲತೀರದಲ್ಲಿ ಸಾಲೂ ಇಲ್ಲ, ಸೀಟಿಯೂ ಇಲ್ಲ, ನೋಡುವವರೂ ಇಲ್ಲ.

ಮಗುವಿನ ಮನಸ್ಸು ತಿಳಿಯಲು ಒಂದು ಸುಲಭ ದಾರಿಯಿದೆ. ಅಮೆರಿಕದ ಸೂಸನ್ ಹಾರ್ಟರ್ ಮತ್ತು ರಾಬಿನ್ ಪೈಕ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಸಣ್ಣ ಮಕ್ಕಳಿಗಾಗಿ ಚಿತ್ರಗಳ ಅಳತೆಗೋಲೊಂದನ್ನು ಪ್ರಕಟಿಸಿದರು. ಚೆನ್ನಾಗಿ ಆಡುವ ಮಗುವಿನದೊಂದು ಚಿತ್ರ, ಅಷ್ಟೇನೂ ಚೆನ್ನಾಗಿ ಆಡಲಾಗದ ಮಗುವಿನದೊಂದು ಚಿತ್ರ ತೋರಿಸಿ, ನೀನು ಯಾರ ಹಾಗೆ ಎಂದು ಕೇಳಬೇಕು, ಆಮೇಲೆ ದೊಡ್ಡ ವೃತ್ತ ಮತ್ತು ಸಣ್ಣ ವೃತ್ತ ತೋರಿಸಿ, ತುಂಬಾ ಹಾಗೆಯೋ ಸ್ವಲ್ಪ ಹಾಗೆಯೋ ಎಂದು ಕೇಳಬೇಕು. ಬಾಯಲ್ಲಿ ಹೇಳಲಾರದ್ದನ್ನು ಮಗು ಬೆರಳಿಟ್ಟು ತೋರಿಸುತ್ತದೆ. ಮನೆಯಲ್ಲಿ ನೀವೇ ಕಡ್ಡಿಗೊಂಬೆ ಬಿಡಿಸಿ ಕೇಳಬಹುದು. ಅಂಕ ಹಾಕಲು ಹೋಗಬೇಡಿ, ಮಾತು ತೆಗೆಯಲು ಮಾತ್ರ ಅದು ಸಾಕು.

ಇನ್ನು ನಮ್ಮ ಕಡೆಯಿಂದ ಆಗಬೇಕಾದದ್ದನ್ನೂ ಹೇಳುತ್ತೇನೆ. 40 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಓಡಿಸಿದರೆ, 40 ನಿಮಿಷದ ಪೀರಿಯಡ್‌ನಲ್ಲಿ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಆ ಒಂದು ನಿಮಿಷವೂ 39 ಜನರ ಕಣ್ಣೆದುರು ಕಳೆಯಬೇಕು! ಕೆರೆ-ದಡ ಎಲ್ಲರಿಗೂ ಗೊತ್ತಿರುವ ಆಟ. ‘ಕೆರೆ’ ಎಂದಾಗ ದಡದಲ್ಲುಳಿದವರು ಔಟ್, ಅವರು ಪಕ್ಕದ ಕಟ್ಟೆಯ ಮೇಲೆ ಕೂರಬೇಕು. ಹಾಗಾಗಿ ಹೆಚ್ಚು ಆಡಬೇಕಾಗಿರುವ ಮಗುವೇ ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತಿರುತ್ತದೆ. ನಾನು ಎರಡು ವೃತ್ತ ಎಳೆದಿಡುತ್ತೇನೆ. ಇಲ್ಲಿ ತಪ್ಪಿದವರು ಅಲ್ಲಿಗೆ, ಅಲ್ಲಿ ತಪ್ಪಿದವರು ಮತ್ತೆ ಇಲ್ಲಿಗೆ ಹೋಗುತ್ತಾರೆ, ಆಟ ಮುಗಿಯುವವರೆಗೆ ಕೂರುವವರೇ ಇರುವುದಿಲ್ಲ. ಇಬ್ಬರು ನಾಯಕರನ್ನು ಮಾಡಿ, ಅವರು ಬೇಕಾದವರನ್ನು ಆರಿಸಿಕೊಳ್ಳಲು ಬಿಡುವ ಪದ್ಧತಿಯನ್ನಂತೂ ಸಣ್ಣ ತರಗತಿಗಳಲ್ಲಿ ಪೂರ್ತಿ ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಕೊನೆಗೆ ಉಳಿಯುವ ಮಗು ಪ್ರತಿ ಸಲವೂ ಅದೇ ಆಗಿರುತ್ತದೆ. ಒಂದು-ಎರಡು, ಒಂದು-ಎರಡು ಎಂದು ಎಣಿಸಿ ತಂಡ ಮಾಡಿದರೆ ಯಾರಿಗೂ ನೋವಿಲ್ಲ.

ಹೊನ್ನಾವರದಿಂದ ಒಬ್ಬ ಮಕ್ಕಳ ವೈದ್ಯೆ:
ಎರಡು ಮಾತು ಸೇರಿಸುತ್ತೇನೆ. ಚೆಂಡು ಬರುವಾಗ ಮುಖ ಮುಚ್ಚಿಕೊಳ್ಳುವ ಮಗುವಿಗೆ ಹೆದರಿಕೆ ಇರದೆ ಕಣ್ಣಿನ ದೋಷ ಇರಬಹುದು, ಓಡಿದ ಮೇಲೆ ಕೆಮ್ಮುವ ಮಗುವಿಗೆ ಉಬ್ಬಸ ಇರಬಹುದು. ಇವೆರಡನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮರಳಿನ ಮೇಲಿನ ಓಟವೂ ಆ ಲೆಕ್ಕಕ್ಕೆ ಸೇರುವುದರಿಂದ, ನಿಮ್ಮ ಮಗಳ ದೇಹದ ಬಗ್ಗೆ ಸದ್ಯಕ್ಕೆ ಆತಂಕ ಬೇಡ.

ಅಂಕೋಲಾದಿಂದ ಒಬ್ಬ ಅಜ್ಜ:
ಸೋಲಿಗೆ ಹೆದರುವ ಮಗುವನ್ನು ಸೋಲೇ ಇಲ್ಲದ ಆಟಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಾವು ಗೋಲಿಯಲ್ಲಿ ಸೋತು ಬರಿಗೈಯಲ್ಲಿ ಮನೆಗೆ ಬಂದವರು, ಮರುದಿನ ಮತ್ತೆ ಹೋದವರು.

ಕುಮಟಾ ಕಡೆಯ ಶಿಕ್ಷಕ:
ಅಜ್ಜನವರೇ, ಮರುದಿನ ಹೋಗುವುದೋ ಬಿಡುವುದೋ ನಿಮ್ಮ ಕೈಯಲ್ಲಿತ್ತು, ಎದುರಾಳಿಯನ್ನೂ ನೀವೇ ಆರಿಸಿಕೊಳ್ಳುತ್ತಿದ್ದಿರಿ. ಪಿ.ಟಿ. ಪೀರಿಯಡ್‌ನಲ್ಲಿ ಇವೆರಡೂ ಮಗುವಿನ ಕೈಯಲ್ಲಿಲ್ಲ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೋಗುವ ದೊಡ್ಡ ಮಕ್ಕಳಿಗೆ ಸ್ಪರ್ಧೆ ಬೇಕೇ ಬೇಕು, ಅದರಲ್ಲಿ ನಿಮ್ಮ ಮಾತಿಗೆ ನನ್ನದೂ ದನಿಯಿದೆ.

ಜೋಯಿಡಾದಿಂದ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ:
ನಮ್ಮಲ್ಲಿ ಪಿ.ಟಿ. ಮಾಸ್ತರರಿಲ್ಲ, ಎಲ್ಲಾ ಪಾಠ ಮಾಡುವ ಅಕ್ಕೋರೇ ಆಟವನ್ನೂ ಆಡಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಸೇರಿವೆಯಾದರೂ, ಗುಡ್ಡದ ಇಳಿಜಾರಿನಲ್ಲಿರುವ ನಮ್ಮಂಥ ಶಾಲೆಗೆ ಸಪಾಟಾದ ಜಾಗವೆಂದರೆ ಅಂಗಳ ಮಾತ್ರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಪಾಚಿಗಟ್ಟಿರುತ್ತದೆ. ಆಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆಯ ಮನೆಗಳನ್ನು ಹಲವು ಕಡೆ ಬರೆದು, ಮೂರು ಮೂರು ಮಕ್ಕಳನ್ನು ಬಿಡುತ್ತೇನೆ. ನಾಲ್ಕನೇ ತರಗತಿಯವರು ಒಂದನೇ ತರಗತಿಯವರ ಕೈಹಿಡಿದು ಕುಂಟಿಸುತ್ತಾರೆ. ದೊಡ್ಡವರ ಜೊತೆ ಸೋತರೆ ಸಣ್ಣವರಿಗೆ ಅವಮಾನವೆನಿಸುವುದಿಲ್ಲ ಎಂಬುದನ್ನು ನಾನು ಇಲ್ಲಿಯೇ ಕಂಡುಕೊಂಡೆ. ಇಂಥ ಮಕ್ಕಳಿಗೆ ಏನಾದರೊಂದು ಕೆಲಸ ಕೊಟ್ಟರೂ ಉಪಯೋಗವಾಗುತ್ತದೆ: ಬಿಲ್ಲೆ ಹಂಚುವುದು, ಲಗೋರಿಯ ಕಲ್ಲು ಜೋಡಿಸುವುದು. ಆದರೆ ಅಂಕ ಬರೆಯುವ ಕೆಲಸ ಕೊಟ್ಟು ಮೂಲೆಯಲ್ಲಿ ಕೂರಿಸಿಬಿಟ್ಟರೆ ಆ ಮಗು ವರ್ಷವಿಡೀ ಅಲ್ಲೇ ಉಳಿಯುತ್ತದೆ.

ಕಾರವಾರದ ತಾಯಿ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕಡ್ಡಿಗೊಂಬೆಗಳನ್ನು ಬಿಡಿಸಿ ಕೇಳಿದೆ. ಓಟದ ಚಿತ್ರಕ್ಕೆ ಚೆನ್ನಾಗಿ ಓಡುವವಳ ಕಡೆಯ ದೊಡ್ಡ ವೃತ್ತವನ್ನೇ ತೋರಿಸಿದಳು, ಚೆಂಡು ಹಿಡಿಯುವ ಚಿತ್ರ ಬಂದಾಗ ಹಾಳೆಯನ್ನೇ ಮಗುಚಿಟ್ಟಳು. ಕಣ್ಣಿನ ಪರೀಕ್ಷೆ ಮಾಡಿಸುತ್ತೇನೆ. ಶಾಲೆಯಲ್ಲಿ ಏನೆಂದು ಕೇಳಿಕೊಳ್ಳಲಿ? ದೂರು ಹೇಳಿದಂತೆ ಆಗಬಾರದು.

ಕುಮಟಾ ಕಡೆಯ ಶಿಕ್ಷಕ:
‘ಮಗಳಿಗೆ ಚೆಂಡಿನ ಹೆದರಿಕೆಯಿದೆ, ಸ್ವಲ್ಪ ದಿನ ಮೆತ್ತನೆಯ ದೊಡ್ಡ ಚೆಂಡು ಕೊಟ್ಟು ಒಬ್ಬ ಗೆಳತಿಯ ಜೊತೆ ಮಾತ್ರ ಆಡಿಸಬಹುದೇ ಸರ್’ ಎಂದಷ್ಟೇ ಕೇಳಿ. ಪೀರಿಯಡ್‌ನಿಂದ ವಿನಾಯಿತಿ ಕೊಡಿ ಎಂದು ಮಾತ್ರ ಬರೆದುಕೊಡಬೇಡಿ. ಮನೆಯಲ್ಲಿ ಬಲೂನಿನಿಂದ ಶುರುಮಾಡಿ, ಅದು ನಿಧಾನವಾಗಿ ಇಳಿಯುವುದರಿಂದ ಕೈಯೊಡ್ಡಲು ಅವಳಿಗೆ ಸಮಯ ಸಿಗುತ್ತದೆ. ಅದು ಸಲೀಸಾದ ಮೇಲೆ ಬಟ್ಟೆಯ ಚೆಂಡನ್ನು ಹತ್ತಿರದಿಂದ ಎಸೆಯಿರಿ.