ಅಪ್‌ಡೇಟ್: ನಮ್ಮ ಶೆಫರ್ಡ್‌ ಭೇದಿಗೆ ಕಾರಣ ಸಿಕ್ಕಿತು

ಎಷ್ಟು ತಿಂದರೂ ಮೈ ಹತ್ತುತ್ತಿಲ್ಲ, ತಿಂಗಳುಗಟ್ಟಲೆ ಭೇದಿ ನಿಲ್ಲುತ್ತಿಲ್ಲ ಅಂತ ನಮ್ಮ ಜರ್ಮನ್ ಶೆಫರ್ಡ್ ನಾಯಿಯ ಬಗ್ಗೆ ಕೇಳಿದ್ದೆನಲ್ಲ, ಕಾರಣ ಗೊತ್ತಾಯಿತು. ಜಂತುವಲ್ಲ, ಜೋಳದ ರೊಟ್ಟಿಯೂ ಅಲ್ಲ (ಓಣಿಯ ಮಂದಿಯೆಲ್ಲ ಪಾಪ ರೊಟ್ಟಿಯನ್ನೇ ಬೈದಿದ್ದರು!). ಮೇದೋಜೀರಕ ಗ್ರಂಥಿ ಜೀರ್ಣರಸವನ್ನೇ ಸಾಕಷ್ಟು ಕೊಡುತ್ತಿಲ್ಲ. ಇಪಿಐ ಅಂತಾರೆ, ಈ ತಳಿಗೆ ಜಾಸ್ತಿ. ಕಲಬುರಗಿಯಲ್ಲಿ ಮಲ ಪರೀಕ್ಷೆ ಪ್ರತಿ ಸಲ ನಾರ್ಮಲ್. ಬೀದರಿನ ಪಶುವೈದ್ಯಕೀಯ ಕಾಲೇಜಿನ ಡಾಕ್ಟರು ಮಾತ್ರ ರಾಶಿರಾಶಿ ಬೀಳುವ, ಎಣ್ಣೆ ಹೊಳಪಿನ ಮಸುಕು ಹಳದಿ ಮಲ ನೋಡಿದ್ದೇ, ಮೇದೋಜೀರಕ ಹೇಗೆ ಕೆಲಸ ಮಾಡ್ತಿದೆ ಅಂತ ತಿಳಿಸುವ ಟಿಎಲ್‌ಐ ರಕ್ತಪರೀಕ್ಷೆ ಬರೆದರು. ರಾತ್ರಿಯೆಲ್ಲ ಉಪವಾಸ ಇಟ್ಟು ರಕ್ತ ತೆಗೆಸಿದೆವು. ಟಿಎಲ್‌ಐ ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಇದೇ ರೋಗ. ನಮ್ಮದು 1 ಕೂಡ ದಾಟಿರಲಿಲ್ಲ. ವಿಟಮಿನ್ ಬಿ12 ಇಂಜೆಕ್ಷನ್ ನಡೆದಿದೆ. ಪ್ರತಿ ಊಟಕ್ಕೂ ಜೀರ್ಣರಸದ ಕೊರತೆ ತುಂಬುವ ಎನ್‌ಜೈಮ್ ಪುಡಿ, ಜೀವನಪೂರ್ತಿ. ಖರ್ಚು ಕೇಳಬೇಡಿ. ಭೇದಿ ನಿಂತಿದೆ, ತೂಕ ಏರುತ್ತಿದೆ. ಒಣಪುಡಿ ತಾಗಿ ಬಾಯಿ ಹುಣ್ಣಾಗಬಹುದು, ಊಟ ಸ್ವಲ್ಪ ನೀರು ಮಾಡಿ ಕಲಸಿ.