ಎಸಿಎಲ್ ಆಪರೇಷನ್ ಆದ್ಮೇಲೆ ಮನೇಲಿ ಹೇಗೆ ನೋಡ್ಕೊಂಡ್ರಿ?

ತಮ್ಮನಿಗೆ ಕಬಡ್ಡಿ ಆಡೋವಾಗ ಮಂಡಿ ತಿರುಚಿ ಎಸಿಎಲ್ (ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್) ಹರಿದಿತ್ತು, ಆಪರೇಷನ್ ಮಾಡ್ಸಿ ಈಗ ಊರಿಗೆ ಕರ್ಕೊಂಡು ಬಂದಿದೀವಿ. ಹತ್ರ ಎಲ್ಲೂ ಫಿಸಿಯೋ ಇಲ್ಲ, ಇವ್ನು ನೋವು ಅಂತ ಕಾಲು ಮುಟ್ಟೋಕೂ ಬಿಡಲ್ಲ. ಅನುಭವ ಇರೋರು ಹೇಳಿ ಪ್ಲೀಸ್.

—

ಅಕ್ಕ, ನಂದೂ ಎಸಿಎಲ್ಲೇ. ಬಂದೋರೆಲ್ಲ ಮಂಡಿ ಎಷ್ಟು ಮಡಚುತ್ತೆ ಅಂತ ಕೇಳ್ತಾರೆ, ಆದ್ರೆ ಶುರುವಲ್ಲಿ ನೋಡ್ಬೇಕಾಗಿರೋದು ಕಾಲು ಪೂರ್ತಿ ನೆಟ್ಟಗಾಗುತ್ತಾ ಅನ್ನೋದು. ಮಂಡಿ ಕೆಳಗೆ ದಿಂಬು ಇಟ್ರೆ ಹಾಯಾಗಿರುತ್ತೆ, ಮನೆಯವ್ರೂ ಪಾಪ ಪ್ರೀತಿಯಿಂದ ಇಟ್ಬಿಡ್ತಾರೆ, ದಯವಿಟ್ಟು ಬೇಡ, ಹಾಗೇ ಮಡಚಿಕೊಂಡು ಬಿಗಿಯಾಗಿ ಕೂತ್ಬಿಟ್ರೆ ಆಮೇಲೆ ಕುಂಟೋದು ತಪ್ಪಲ್ಲ. ಹಿಮ್ಮಡಿ ಕೆಳಗೆ ಟವೆಲ್ ಸುತ್ತಿ ಇಡಿ, ಮಂಡಿ ತಾನಾಗೇ ಕೆಳಗಿಳೀಲಿ. ಜೊತೆಗೆ ತೊಡೆ ಮುಂಭಾಗ ಬಿಗಿ ಮಾಡಿ ಐದು ಎಣಿಸಿ ಬಿಡೋದು, ದಿನಕ್ಕೆ ಎಷ್ಟೋ ಸಲ, ಟಿವಿ ನೋಡ್ಕೊಂಡೇ ಮಾಡ್ಬೋದು. ತೊಡೆ ಬಹಳ ಬೇಗ ಸಣ್ಣಗಾಗುತ್ತೆ, ನೋಡಿ ಗಾಬರಿ ಆಗ್ಬೇಡಿ. ಊತ ಇರೋವರೆಗೂ ಆ ಸ್ನಾಯು ಹೇಳಿದ ಮಾತು ಕೇಳಲ್ಲ, ಅದಕ್ಕೇ ಐಸ್ ಮುಖ್ಯ, ಬಟ್ಟೆ ಸುತ್ತಿ 15-20 ನಿಮಿಷ. ಮಡಚೋದು ಡಾಕ್ಟ್ರು ಹೇಳಿದ ಡಿಗ್ರಿವರೆಗೆ ಮಾತ್ರ. ಮೆನಿಸ್ಕಸ್‌ಗೂ (ಮಂಡಿ ಒಳಗೆ ಮೂಳೆಗಳ ಮಧ್ಯೆ ಇರೋ ಮೆತ್ತೆ) ಹೊಲಿಗೆ ಹಾಕಿದ್ರೆ ಸಾಮಾನ್ಯವಾಗಿ 90 ಡಿಗ್ರಿ ದಾಟ್ಬೇಡಿ ಅಂತ ಕೆಲವು ವಾರ ತಡೀತಾರೆ, ಕಾಲೂರೋದಕ್ಕೂ ಬೇರೆ ಲೆಕ್ಕ ಇರುತ್ತೆ, ಡಿಸ್ಚಾರ್ಜ್ ಚೀಟಿ ಓದಿ. ಫಿಸಿಯೋ ವಿಡಿಯೋ ಕಾಲಲ್ಲಾದ್ರೂ ಆಗಾಗ ನೋಡ್ಲಿ, ಅದನ್ನ ಮಾತ್ರ ಬಿಡ್ಬೇಡಿ.

—

ನಮ್ಮೆಜಮಾನ್ರಿಗೆ ಆದಾಗ ನಮಗೆ ವ್ಯಾಯಾಮಕ್ಕಿಂತ ಬಚ್ಚಲು, ಕಕ್ಕಸ್ಸೇ ಕಷ್ಟ ಆಗಿದ್ದು. ಕಮೋಡ್ ಚೇರ್ ತಗೊಳ್ಳಿ, ಬಾಡಿಗೆಗೂ ಸಿಗುತ್ತೆ. ಕಾಲೊರೆಸೋ ಮ್ಯಾಟ್‌ಗಳನ್ನೆಲ್ಲ ಎತ್ತಿಡಿ, ವಾಕರ್ ಸಿಕ್ಕಾಕೊಳ್ಳುತ್ತೆ. ಮೆಟ್ಟಿಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಇಳಿಯೋವಾಗ ಆಪರೇಷನ್ ಆಗಿರೋ ಕಾಲು ಮೊದಲು. ಒಂದೇ ಕೋಲು ಸಾಕು ಅನ್ನೋ ಹಂತಕ್ಕೆ ಬಂದ್ಮೇಲೆ ಅದನ್ನ ಒಳ್ಳೆ ಕಾಲಿನ ಕಡೆ ಕೈಯಲ್ಲೇ ಹಿಡೀಬೇಕು, ತುಂಬಾ ಜನ ಉಲ್ಟಾ ಹಿಡೀತಾರೆ. ಇನ್ನು ನೋಡೋಕೆ ಬಂದೋರು ಎಣ್ಣೆ ಹಾಕಿ ನೀವಿದ್ರೆ ಸರಿಹೋಗುತ್ತೆ ಅಂತಾರೆ, ಎಷ್ಟೇ ಹಿರಿಯರು ಹೇಳಿದ್ರೂ ಒಪ್ಕೋಬೇಡಿ.

—

ಒಂದು ಮುಖ್ಯವಾದ್ದು ಬಿಟ್ಟೋಯ್ತು. ಮೀನಖಂಡ ಊದ್ಕೊಂಡು ಮುಟ್ಟಿದ್ರೆ ನೋವು, ಬಿಸಿ ಅನ್ಸಿದ್ರೆ ರಕ್ತ ಹೆಪ್ಪುಗಟ್ಟಿರ್ಬೋದು, ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದ್ರೆ, ಎದೆ ನೋವಾದ್ರೆ ಒಂದು ನಿಮಿಷಾನೂ ಕಾಯ್ಬೇಡಿ, 108ಗೆ ಫೋನ್ ಮಾಡಿ. ಜ್ವರ, ಹೊಲಿಗೆಯಿಂದ ಕೀವು ಬಂದ್ರೂ ಡಾಕ್ಟ್ರಿಗೆ ತೋರಿಸ್ಲೇಬೇಕು. ಮಲಗಿದ್ದಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಿರಿ ಅಂತ ಹೇಳೋದು ಈ ಹೆಪ್ಪುಗಟ್ಟೋ ಭಯಕ್ಕೇನೇ.

—

ನಾನೂ ಕಬಡ್ಡಿಯವನೇ. ಮೂರ್ನಾಲ್ಕು ತಿಂಗಳಿಗೆ ನಡಿಗೆ ಚೆನ್ನಾಗಾಗುತ್ತೆ, ಹುಡುಗ್ರು ಮ್ಯಾಟಿಗೆ ಕರೀತಾರೆ, ಆಗ್ಲೇ ಅಪಾಯ, ಯಾಕಂದ್ರೆ ಹರಿದ ಎಸಿಎಲ್ ಬದಲಿಗೆ ಒಳಗೆ ಕೂರಿಸಿರೋ ಗ್ರಾಫ್ಟ್ ಇನ್ನೂ ಗಟ್ಟಿಯಾಗಿರಲ್ಲ. 9 ತಿಂಗಳಾದ್ರೂ ಆಗ್ಲಿ, ಎರಡೂ ತೊಡೆ ಬಲ ಹತ್ರಹತ್ರ ಒಂದೇ ಇದೆಯಾ ಅಂತ ಟೆಸ್ಟ್ ಮಾಡ್ಸಿ ಆಮೇಲೆ ಇಳೀಲಿ. ಅಂದಹಾಗೆ ಬ್ರೇಸ್ (ಮಂಡಿಗೆ ಕಟ್ಟೋ ಆಧಾರದ ಪಟ್ಟಿ) ಎಷ್ಟು ವಾರ ಹಾಕ್ಬೇಕು ಅಂತ ಬರ್ದಿದಾರೆ? ಮೆನಿಸ್ಕಸ್ ಹೊಲಿಗೆ ಇದೆಯಾ? ಹೇಳಿ, ಅದರ ಮೇಲೆ ಮುಂದಿಂದು ಬರೀತೀನಿ.